ಪಾದದ ಹುಣ್ಣಿನ ಮಾರುಕಟ್ಟೆ: ದುಡ್ಡು ಎತ್ತ ಹರಿಯುತ್ತಿದೆ, ಗಾಯ ಎಲ್ಲಿ ಮಾಗುತ್ತಿದೆ?

ವರದಿಓದುಗ
ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ ಚಿಕಿತ್ಸೆ ಬಗ್ಗೆ ಬಂದ ಮಾರುಕಟ್ಟೆ ವರದಿಗಳಲ್ಲೆಲ್ಲ ಒಂದೇ ರಾಗ. ದುಬಾರಿ ಡ್ರೆಸ್ಸಿಂಗ್, ಕೃತಕ ಚರ್ಮ, ಗಾಯದ ನೀರು ಹೀರುವ ನೆಗೆಟಿವ್ ಪ್ರೆಶರ್ ಯಂತ್ರ (ವ್ಯಾಕ್), ಈ ಮೂರೂ ಬೆಳೆಯುತ್ತವೆ ಅಂತ. ಜನರ ಸಂಖ್ಯೆ ನೋಡಿದರೆ ಬೆಳೆಯಲೇಬೇಕು. 2024ರಲ್ಲಿ 20ರಿಂದ 79 ವಯಸ್ಸಿನ 58.9 ಕೋಟಿ ಜನರಿಗೆ ಮಧುಮೇಹ ಇತ್ತು ಅನ್ನೋದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಲೆಕ್ಕ. ಅಂಥವರಲ್ಲಿ ನೂರಕ್ಕೆ 19ರಿಂದ 34 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗುತ್ತದೆ ಅಂತ ಅಂದಾಜು.

ಕಂಪನಿಗಳ ಖರೀದಿಯೂ ಜೋರಾಗಿದೆ. 2019ರಲ್ಲಿ ತ್ರೀಎಂ ಕಂಪನಿ ವ್ಯಾಕ್ ಯಂತ್ರದ ಅಸೆಲಿಟಿಯನ್ನು ಕೊಂಡಿತು. ಅದೇ ವರ್ಷ ಸ್ಮಿತ್ ಆಂಡ್ ನೆಫ್ಯೂ, ಗಾಯಕ್ಕೆ ಹಾಕುವ ಅಂಗಾಂಶದ ತೇಪೆ (ಗ್ರಾಫ್ಟ್) ಮಾಡುವ ಒಸೈರಿಸ್ ಕಂಪನಿಯನ್ನು ಕೊಂಡಿತು. 2023ರಲ್ಲಿ ಮೀನಿನ ಚರ್ಮದ ಗ್ರಾಫ್ಟ್ ಮಾಡುವ ಕೆರೆಸಿಸ್, ಕೊಲೊಪ್ಲಾಸ್ಟ್ ಕಂಪನಿಯ ಕೈಗೆ ಹೋಯಿತು.

ಪ್ರಶ್ನೆ ಇಷ್ಟೇ. ಹಣ ಹೋಗುತ್ತಿರುವ ಕಡೆಯೇ ಗಾಯವೂ ಮಾಗುತ್ತಿದೆಯಾ? ಹೊಸದಾಗಿ ಪಾದ ಚಿಕಿತ್ಸಾ ವಿಭಾಗ ತೆರೆಯುವವರು ಮೊದಲ ದುಡ್ಡನ್ನು ಯಾವುದಕ್ಕೆ ಹಾಕಬೇಕು?

ಬಿಲ್ಲಿಂಗ್‌ಬಲ್ಲೆ
ಮೊದಲು ಆ ವರದಿಗಳನ್ನು ಓದುವ ಕ್ರಮ ನೋಡೋಣ. ಒಂದೇ ಫೋಮ್ ಡ್ರೆಸ್ಸಿಂಗ್ ಸಿರೆಯ ಹುಣ್ಣಿಗೂ ಹೋಗುತ್ತೆ, ಹಾಸಿಗೆ ಹುಣ್ಣಿಗೂ ಹೋಗುತ್ತೆ, ಪಾದದ ಹುಣ್ಣಿಗೂ ಹೋಗುತ್ತೆ. ಡಬ್ಬಿ ಮಾರಿದವರಿಗೆ ಅದು ಯಾರ ಕಾಲಿಗೆ ಹೋಯಿತು ಅಂತ ಗೊತ್ತಿರಲ್ಲ, ಹಾಗಾಗಿ ಪಾದದ ಪಾಲು ಅಂದಾಜಿನ ಮೇಲೇ ನಿಂತಿರುತ್ತದೆ. ಇನ್ನೊಂದು ತೊಡಕು: ಪ್ಲಾಸ್ಟರ್, ಫೈಬರ್‌ಗ್ಲಾಸ್ ರೋಲ್, ವಾಕರ್ ಬೂಟು ಇವು ಮೂಳೆ ವಿಭಾಗದ ಸಾಮಾನು ಅಂತ ಬೇರೆ ಲೆಕ್ಕಕ್ಕೆ ಸೇರಿಬಿಡುತ್ತವೆ. ಪಾದದ ಹುಣ್ಣಿಗೆ ಅತಿ ಮುಖ್ಯವಾದ ಸಾಮಾನೇ ವರದಿಯಲ್ಲಿ ಕಾಣುವುದಿಲ್ಲ.

ಕಾಸ್ಟ್‌ಕಟ್ಟು
ಬಿಲ್ಲಿಂಗ್‌ಬಲ್ಲೆ ಅವರ ಕೊನೇ ಸಾಲಿಗೆ ನೂರು ಅಂಕ. ಅಂಗಾಲಿನ ಹುಣ್ಣು ಆಗೋದು ಒತ್ತಡದಿಂದ. ಜೋಮು ಹಿಡಿದ ಕಾಲಿಗೆ ನೋವು ತಿಳಿಯಲ್ಲ, ಮನುಷ್ಯ ಅದರ ಮೇಲೇ ನಡೆಯುತ್ತಾನೆ. ಒತ್ತಡ ಇಳಿಸದೆ ಮೇಲೆ ಏನು ಹಚ್ಚಿದರೂ ಬುಡ ಬಿಟ್ಟು ಎಲೆಗೆ ನೀರು ಹಾಕಿದ ಹಾಗೆ.

2001ರ ಒಂದು ಅಧ್ಯಯನದಲ್ಲಿ ಮೂರು ಗುಂಪು ಮಾಡಿದ್ದರು. ಅಂಗಾಲು ಪೂರ್ತಿ ತಾಗುವ, ಬಿಚ್ಚಲಾಗದ ಗಟ್ಟಿ ಕಟ್ಟು, ಅಂದರೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಕಟ್ಟಿದವರಲ್ಲಿ 12 ವಾರಕ್ಕೆ ಶೇ. 89.5 ಮಂದಿಗೆ ಗಾಯ ಮುಚ್ಚಿತು. ಬಿಚ್ಚಬಹುದಾದ ವಾಕರ್ ಬೂಟಿನಲ್ಲಿ ಶೇ. 65, ಅರ್ಧ ಚಪ್ಪಲಿಯಲ್ಲಿ ಶೇ. 58.3. ಬೂಟು ಹಿಂದೆ ಬಿದ್ದದ್ದು ಯಾಕೆ ಅಂತ 2003ರ ಅಧ್ಯಯನದಲ್ಲಿ ಗೊತ್ತಾಯಿತು. ಹೆಜ್ಜೆ ಎಣಿಸುವ ಸಾಧನ ಇಟ್ಟು ನೋಡಿದರೆ ರೋಗಿಗಳು ಬೂಟು ಹಾಕಿಕೊಂಡು ನಡೆದದ್ದು ದಿನದ ಹೆಜ್ಜೆಗಳಲ್ಲಿ ಶೇ. 28 ಮಾತ್ರ. ಮನೆಯೊಳಗೆ ಕಾಲಿಟ್ಟ ಕೂಡಲೇ ಬೂಟು ಮೂಲೆ ಸೇರುತ್ತಿತ್ತು.

ಗಾಯದಂಚು
ಅಂಕಿ ಸರಿ. ಆದರೆ ಆ ಕಾಸ್ಟ್ ಸರಿಯಾಗಿ ಕಟ್ಟಲು ಬರುವವರೆಷ್ಟು ಮಂದಿ ಹೇಳಿ?

ಕಾಸ್ಟ್‌ಕಟ್ಟು
ಕಲಿಯಬೇಕು, ಬೇರೆ ದಾರಿ ಇಲ್ಲ. ರೋಗಿಯನ್ನು ಬೋರಲು ಮಲಗಿಸಿ, ಮೊಣಕಾಲು ಮಡಿಸಿ, ಹರಡು (ಪಾದದ ಕೀಲು) 90 ಡಿಗ್ರಿಯಲ್ಲಿ ಇರಬೇಕು. ಗಾಯದ ಮೇಲೆ ತೆಳು ಡ್ರೆಸ್ಸಿಂಗ್ ಸಾಕು, ದಪ್ಪ ಗಾಜ್ ತುಂಬಿದರೆ ಅದೇ ಗಂಟಾಗಿ ಒತ್ತುತ್ತದೆ. ಬೆರಳ ಸಂದಿಗೆ ಹತ್ತಿ, ಬೆರಳುಗಳ ಮೇಲೆ ಫೋಮ್. ಹರಡಿನ ಎರಡೂ ಗಂಟು ಮತ್ತು ಮೊಣಕಾಲ ಕೆಳಗಿನ ಮೂಳೆಯ ಅಂಚಿಗೆ ಮೆತ್ತನೆ ಫೆಲ್ಟ್ ಬಟ್ಟೆ. ಉಳಿದ ಕಡೆ ಪ್ಯಾಡಿಂಗ್ ಕಮ್ಮಿ ಇರಬೇಕು. ಪ್ಯಾಡಿಂಗ್ ಜಾಸ್ತಿಯಾದರೆ ಕಾಲು ಒಳಗೆ ಮೇಲೆ ಕೆಳಗೆ ಜಾರುತ್ತದೆ. ಮೊದಲ ಪದರವನ್ನು ಅಂಗೈಯಿಂದ ಅಂಗಾಲಿನ ಆಕಾರಕ್ಕೆ ಒತ್ತಿ ಕೂರಿಸಬೇಕು, ಬೆರಳ ತುದಿಯಿಂದ ಒತ್ತಿದರೆ ಗುಳಿ ಬಿದ್ದು ಅಲ್ಲೇ ಹೊಸ ಹುಣ್ಣು. ಅದರ ಮೇಲೆ ಫೈಬರ್‌ಗ್ಲಾಸ್.

ಎಡವಟ್ಟು ಆಗೋದು ಹೆಚ್ಚಾಗಿ ಮೊದಲ ವಾರ. ಬಾವು ಇಳಿದು ಕಾಸ್ಟ್ ಸಡಿಲವಾಗುತ್ತದೆ. ಅದಕ್ಕೇ ಮೊದಲ ಬದಲಾವಣೆ 2-3 ದಿನದಲ್ಲಿ, ತಡವೆಂದರೆ ಒಂದು ವಾರದೊಳಗೆ. ಆಮೇಲೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ.

ಅಂಗಾಲು_22
ಕಾಸ್ಟ್ ಕಟ್ಟಲು ಬರದಿದ್ದರೆ ಮೊಣಕಾಲುದ್ದದ ವಾಕರ್ ಬೂಟು ಹಾಕಿ, ಅದರ ಸುತ್ತ ಫೈಬರ್‌ಗ್ಲಾಸ್ ಅಥವಾ ತನಗೆ ತಾನೇ ಅಂಟುವ ಬ್ಯಾಂಡೇಜ್ ಸುತ್ತಿಬಿಡಿ. ಬಿಚ್ಚಲಾಗದ ಬೂಟು ಸಿದ್ಧ. ಗುಣವಾಗುವ ಪ್ರಮಾಣದಲ್ಲಿ ಕಾಸ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಡಯಾಬಿಟಿಕ್ ಫುಟ್ ಅಂತರರಾಷ್ಟ್ರೀಯ ಕಾರ್ಯತಂಡದ 2023ರ ಮಾರ್ಗಸೂಚಿ, ಜೋಮು ಹಿಡಿದ ಪಾದದ ಮುಂಗಾಲು ಮತ್ತು ನಡುಅಂಗಾಲಿನ ಹುಣ್ಣಿಗೆ ಇವೆರಡರಲ್ಲಿ ಯಾವುದಾದರೂ ಮೊದಲ ಆಯ್ಕೆ ಅನ್ನುತ್ತದೆ.

ನಾಡಿಬಡಿತ
ಸ್ವಲ್ಪ ನಿಲ್ಲಿ. ಕಾಲಿಗೆ ರಕ್ತ ಹರಿಯುತ್ತಿದೆಯಾ ಅಂತ ನೋಡದೆ ಕಾಸ್ಟ್ ಕಟ್ಟುವ ಮಾತು ಯಾರೂ ಆಡಬೇಡಿ. ಹರಡು-ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಮ್ಮಿ ಇದ್ದರೆ ರಕ್ತನಾಳದ ತೊಂದರೆ ಅಂತ ಎಲ್ಲರಿಗೂ ಗೊತ್ತು. ಆದರೆ ಸಕ್ಕರೆ ಕಾಯಿಲೆಯವರ ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಪಟ್ಟಿ ಬಿಗಿದರೂ ನಾಳ ಚಪ್ಪಟೆಯಾಗಲ್ಲ. ಆಗ ಅನುಪಾತ 1.1 ಅಂತಲೋ 1.4 ಅಂತಲೋ ಬರುತ್ತದೆ. ನೋಡಿದವರು ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ, ಗಾಯ ಅಲ್ಲೇ ಕೊಳೆಯುತ್ತದೆ. ಅದಕ್ಕೇ ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ಅಳೆಯಬೇಕು. ಬೆರಳ ಒತ್ತಡ 30 ಮಿ.ಮೀ. ಅಥವಾ ಹರಡಿನ ಒತ್ತಡ 50 ಮಿ.ಮೀ.ಗಿಂತ ಕೆಳಗಿದ್ದರೆ ತಕ್ಷಣ ರಕ್ತನಾಳದ ಚಿತ್ರ ತೆಗೆಸಿ, ಮುಚ್ಚಿದ ನಾಳ ತೆರೆಸುವ ಯೋಚನೆ ಮಾಡಬೇಕು. ಸೋಂಕು ಅಥವಾ ರಕ್ತ ಕೊರತೆ ಒಂದೇ ಆದರೂ ಮಧ್ಯಮ ಮಟ್ಟ ಮುಟ್ಟಿದ್ದರೆ ಬಿಚ್ಚಲಾಗದ್ದು ಬೇಡ, ಬಿಚ್ಚಬಹುದಾದ ಬೂಟೇ ಸರಿ.

ಹೊಸ ವಿಭಾಗದ ಮೊದಲ ದುಡ್ಡು ಎಲ್ಲಿ ಅಂತ ಕೇಳಿದಿರಿ. ರಕ್ತದ ಹರಿವು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್, ಬೆರಳಿಗೆ ಕಟ್ಟುವ ಸಣ್ಣ ಪಟ್ಟಿ, ಕಾಲಿಗೆ ಸ್ಪರ್ಶ ತಿಳಿಯುತ್ತದೆಯಾ ಅಂತ ನೋಡುವ 10 ಗ್ರಾಂ ಮೊನೊಫಿಲಮೆಂಟ್ ಎಳೆ. ಇದಾದ ಮೇಲೆ ಉಳಿದದ್ದು.

ವರದಿಓದುಗ
ಒಪ್ಪಿದೆ. ಆದರೂ ಕೃತಕ ಚರ್ಮದ ಅಂಕಿ ಅಷ್ಟು ಮೇಲೆ ಹೋದದ್ದು ಯಾಕೆ? ಕೆಲಸಕ್ಕೆ ಬಾರದ್ದಾದರೆ ಯಾರು ಕೊಳ್ಳುತ್ತಾರೆ?

ಬಿಲ್ಲಿಂಗ್‌ಬಲ್ಲೆ
ಅದಕ್ಕೆ ಉತ್ತರ, ಅಮೆರಿಕದ ಬಿಲ್ಲಿಂಗ್ ನಿಯಮದಲ್ಲಿದೆ. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್, ಕ್ಲಿನಿಕ್‌ನಲ್ಲಿ ಬಳಸಿದ ಉತ್ಪನ್ನಕ್ಕೆ ಅದರ ಸರಾಸರಿ ಮಾರಾಟ ಬೆಲೆ ಮತ್ತು ಅದರ ಮೇಲೆ ಶೇ. 6 ಕೊಡುತ್ತಿತ್ತು, ಚದರ ಸೆಂಟಿಮೀಟರ್ ಲೆಕ್ಕದಲ್ಲಿ. ಅಂದರೆ ಬೆಲೆ ಹೆಚ್ಚಿದಷ್ಟೂ ಹಾಕಿದವರಿಗೆ ಲಾಭ ಹೆಚ್ಚು, ತುಂಡು ದೊಡ್ಡದಾದಷ್ಟೂ ಹೆಚ್ಚು. ಜೊತೆಗೆ ಹೆರಿಗೆಯಲ್ಲಿ ಹೊರಬರುವ ಮಾಸಿನ ಪೊರೆಯಿಂದ ಮಾಡಿದ ಬಹಳಷ್ಟು ಉತ್ಪನ್ನಗಳು ಮಾನವ ಅಂಗಾಂಶ ಅನ್ನುವ ಹಾದಿಯಲ್ಲಿ, ಮೊದಲೇ ದೊಡ್ಡ ಪರೀಕ್ಷೆ ತೋರಿಸಬೇಕಾದ ಅಗತ್ಯವಿಲ್ಲದೆ ಮಾರುಕಟ್ಟೆಗೆ ಬಂದವು. ಕೃತಕ ಚರ್ಮಕ್ಕೆ ಮೆಡಿಕೇರ್ ಮಾಡಿದ ಖರ್ಚು 2019ರಲ್ಲಿ 25.6 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 1000 ಕೋಟಿ ಡಾಲರ್ ದಾಟಿತು. ಅಷ್ಟು ವರ್ಷದಲ್ಲಿ ಗಾಯಗಳು ನಲವತ್ತು ಪಟ್ಟು ಆಗಲಿಲ್ಲ, ಬೆಲೆ ಮತ್ತು ಬಳಕೆ ಆಯಿತು. 2026ರ ಜನವರಿ 1ರಿಂದ ಚದರ ಸೆಂಟಿಮೀಟರಿಗೆ ಒಂದೇ ದರ ಅಂತ ಮಾಡಿದ್ದಾರೆ. ವರದಿಗಳಲ್ಲಿ ಈ ವಿಭಾಗದ ಬೆಳವಣಿಗೆ ನೋಡುವಾಗ ಈ ತಾರೀಖು ನೆನಪಿರಲಿ. ಅದಕ್ಕೆ ಹಿಂದಿನ ಗೆರೆಯನ್ನೇ ಮುಂದಕ್ಕೆ ಎಳೆದಿದ್ದರೆ ಆ ವರದಿ ನಂಬಬೇಡಿ.

ಡ್ರೆಸ್ಸಿಂಗ್‌ಟ್ರೇ
ಬಿಲ್ಲಿಂಗ್ ದುರುಪಯೋಗ ಆಯಿತು ಅಂತ ವಸ್ತುವನ್ನೇ ದೂರಬೇಡಿ. ಎಲ್ಲವೂ ಪರೀಕ್ಷೆ ಇಲ್ಲದೆ ಬಂದವಲ್ಲ. ಆಪ್ಲಿಗ್ರಾಫ್ 2000ದಲ್ಲಿ, ಡರ್ಮಾಗ್ರಾಫ್ಟ್ 2001ರಲ್ಲಿ, ಒಮ್ನಿಗ್ರಾಫ್ಟ್ 2016ರಲ್ಲಿ ಪೂರ್ಣ ಪ್ರಮಾಣದ ಪರೀಕ್ಷೆ ತೋರಿಸಿ ಪಾದದ ಹುಣ್ಣಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದವು.

ಪ್ರಶ್ನೆ ಇರೋದು ಯಾವಾಗ ಹಾಕಬೇಕು ಅನ್ನೋದರಲ್ಲಿ. ನಾಲ್ಕು ವಾರ ಸರಿಯಾಗಿ ಒತ್ತಡ ಇಳಿಸಿ, ಸತ್ತ ಅಂಗಾಂಶ ಕೆತ್ತಿ, ಸೋಂಕು ಹತೋಟಿಗೆ ತಂದ ಮೇಲೂ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಆಗ. 2003ರ ಅಧ್ಯಯನದಲ್ಲಿ ನಾಲ್ಕು ವಾರಕ್ಕೆ ಅರ್ಧಕ್ಕಿಂತ ಹೆಚ್ಚು ಕುಗ್ಗಿದವರಲ್ಲಿ ಶೇ. 58 ಮಂದಿಗೆ 12 ವಾರಕ್ಕೆ ಗಾಯ ಮುಚ್ಚಿತು, ಕುಗ್ಗದವರಲ್ಲಿ ಬರೀ ಶೇ. 9.

ಹಾಕುವ ಮುಂಚೆ ತಳ ಕೆಂಪಗೆ, ಸಣ್ಣಗೆ ರಕ್ತ ಜಿನುಗುವಂತಿರಬೇಕು. ಗ್ರಾಫ್ಟ್ ತಳಕ್ಕೆ ಪೂರ್ತಿ ತಾಗಬೇಕು, ಅಡಿಯಲ್ಲಿ ಗಾಳಿ ಅಥವಾ ನೀರು ನಿಂತರೆ ಎತ್ತಿ ಹೋಗುತ್ತದೆ. ಅಂಚಿಗೆ ಅಂಟುಪಟ್ಟಿ, ಮೇಲೆ ಅಂಟದ ಜಾಲರಿ, ಅದರ ಮೇಲೆ ಹೀರುವ ಪದರ. ಒಂದು ವಾರ ಜಾಲರಿ ಎತ್ತಿ ನೋಡೋ ಹಾಗಿಲ್ಲ. ಎತ್ತಿ ನೋಡುವ ಚಪಲಕ್ಕೇ ಅರ್ಧ ಗ್ರಾಫ್ಟ್ ಹೋಗೋದು.

ಗಾಯದಂಚು
ಆ ಅರ್ಧದ ಲೆಕ್ಕವನ್ನೇ ಬಹಳ ಕಡೆ ತಪ್ಪು ಮಾಡುತ್ತಾರೆ. ಉದ್ದ ಅಗಲ ಎರಡೂ ಶೇ. 30 ಕುಗ್ಗಿದರೆ ವಿಸ್ತೀರ್ಣ ಆಗಲೇ ಅರ್ಧಕ್ಕೆ ಇಳಿದಿರುತ್ತದೆ, 0.7 ಗುಣಿಸು 0.7 ಅಂದರೆ 0.49. ಉದ್ದ ಮಾತ್ರ ನೋಡುವವರು ಗಾಯ ನಿಂತಿದೆ ಅಂದುಕೊಂಡು ದುಬಾರಿ ಗ್ರಾಫ್ಟಿಗೆ ಹೋಗುತ್ತಾರೆ. ಇನ್ನು ಉದ್ದ ಗುಣಿಸು ಅಗಲ ಅಂದರೆ ಆಯತದ ಲೆಕ್ಕ. ಮೊಟ್ಟೆಯಾಕಾರದ ಗಾಯಕ್ಕೆ ಅದನ್ನು 0.785ರಿಂದ ಗುಣಿಸಬೇಕು. 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಗಾಯ 6 ಅಲ್ಲ, 4.7 ಚದರ ಸೆಂ.ಮೀ. ಗ್ರಾಫ್ಟ್ ತುಂಡಿನ ಗಾತ್ರ ಆರಿಸುವಾಗ ಈ ವ್ಯತ್ಯಾಸ ದುಡ್ಡಾಗಿ ಕಾಣುತ್ತದೆ.

ಇನ್ನೊಂದು ಮಾತು. ಅಳತೆ ಯಾವಾಗಲೂ ಆಣಿ ಮತ್ತು ಸತ್ತ ಅಂಚು ಕೆತ್ತಿದ ಮೇಲೆ ತೆಗೆಯಿರಿ. ಮೊದಲ ವಾರ ಕೆತ್ತುವ ಮುಂಚೆ, ನಾಲ್ಕನೇ ವಾರ ಕೆತ್ತಿದ ಮೇಲೆ ಅಳೆದರೆ ಮಾಗುತ್ತಿರುವ ಗಾಯವೂ ಬೆಳೆದಂತೆ ತೋರುತ್ತದೆ.

ಅಂಗಾಲು_22
ಇದನ್ನು ಚೀಟಿ ಬರೆದು ಡ್ರೆಸ್ಸಿಂಗ್ ಕೋಣೆಯ ಗೋಡೆಗೆ ಅಂಟಿಸಬೇಕು.

ವ್ಯಾಕ್_ಪಕ್ಷ
ನೆಗೆಟಿವ್ ಪ್ರೆಶರ್ ಬಗ್ಗೆ ಯಾರೂ ಮಾತಾಡಿಲ್ಲ. ಅದಕ್ಕೆ ಪುರಾವೆ ಇದೆ. 2005ರಲ್ಲಿ ಪಾದದ ಒಂದು ಭಾಗ ಕತ್ತರಿಸಿದ 162 ರೋಗಿಗಳ ಮೇಲಿನ ಅಧ್ಯಯನದಲ್ಲಿ ಯಂತ್ರ ಹಾಕಿದವರಲ್ಲಿ ಶೇ. 56, ಸಾಧಾರಣ ಡ್ರೆಸ್ಸಿಂಗ್‌ನಲ್ಲಿ ಶೇ. 39 ಮಂದಿಗೆ ಗಾಯ ಮುಚ್ಚಿತು. ಮಾರುಕಟ್ಟೆಯ ಒಲವು ಈಗ ಜೇಬಿಗೆ ಹಾಕುವ, ಬಳಸಿ ಬಿಸಾಡುವ ಸಣ್ಣ ಯಂತ್ರದ ಕಡೆ. ರೋಗಿ ಮನೆಗೆ ಬೇಗ ಹೋಗುತ್ತಾನೆ.

ನಾಡಿಬಡಿತ
@ವ್ಯಾಕ್_ಪಕ್ಷ ನೀವೇ ಹೇಳಿದ ಹಾಗೆ ಅದು ಶಸ್ತ್ರಚಿಕಿತ್ಸೆ ಆದ ಗಾಯ. 2023ರ ಮಾರ್ಗಸೂಚಿ ಒಪ್ಪಿರೋದೂ ಅಲ್ಲಿಗೆ ಮಾತ್ರ. ಕತ್ತರಿಸದ ಸಾದಾ ಅಂಗಾಲಿನ ಹುಣ್ಣಿಗೆ ಯಂತ್ರ ಬಳಸಬೇಡಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಮಾರುವವರು ಈ ಎರಡನ್ನೂ ಬೆರೆಸಿ ಹೇಳುತ್ತಾರೆ.

ವ್ಯಾಕ್_ಪಕ್ಷ
ಒಪ್ಪುತ್ತೇನೆ, ನಾನು ಬಿಡಿಸಿ ಹೇಳಬೇಕಿತ್ತು. ಹಾಕುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತೇನೆ. ಒತ್ತಡ ಮೈನಸ್ 125 ಮಿ.ಮೀ., ಫೋಮ್ ಬದಲಾವಣೆ 48ರಿಂದ 72 ಗಂಟೆಗೆ. ಕಪ್ಪು ಹೊಪ್ಪಳೆ ಇದ್ದರೆ, ಮೂಳೆ ಸೋಂಕಿಗೆ ಚಿಕಿತ್ಸೆ ಆಗಿರದಿದ್ದರೆ, ರಕ್ತನಾಳ ತೆರೆದುಕೊಂಡಿದ್ದರೆ ಹಾಕಲೇಬಾರದು. ನಳಿಕೆಯ ಬಿಲ್ಲೆಯನ್ನು ಅಂಗಾಲಿನ ಮೇಲೆ ಕೂರಿಸಬೇಡಿ, ಅದರ ಮೇಲೆ ಕಾಲಿಟ್ಟರೆ ಹೊಸ ಹುಣ್ಣು. ಚರ್ಮದ ಮೇಲೆ ಫಿಲ್ಮ್ ಹಾಸಿ, ಅದರ ಮೇಲೆ ಫೋಮಿನ ಪಟ್ಟಿಯನ್ನು ಸೇತುವೆ ಥರ ಪಾದದ ಮೇಲ್ಭಾಗಕ್ಕೆ ತಂದು ಬಿಲ್ಲೆ ಅಲ್ಲಿ ಕೂರಿಸಬೇಕು. ಪಾದದಲ್ಲಿ ಗಾಳಿ ಸೋರೋದು ಯಾವಾಗಲೂ ಬೆರಳ ಸಂದಿಯಲ್ಲೇ. ಅಲ್ಲಿಗೆ ಮೆತ್ತಗೆ ಅಂಟುವ ಹೈಡ್ರೊಕೊಲಾಯ್ಡ್ ಪಟ್ಟಿಯನ್ನು ಸಣ್ಣಗೆ ಕತ್ತರಿಸಿ ತುಂಬಿ, ಆಮೇಲೆ ಫಿಲ್ಮ್ ಹಾಕಿ. ಯಂತ್ರ ನಿಂತು ಎರಡು ಗಂಟೆ ದಾಟಿದರೆ ಫೋಮ್ ತೆಗೆದು ಸಾದಾ ಡ್ರೆಸ್ಸಿಂಗ್ ಮಾಡಿ, ಒಳಗೆ ನೀರು ನಿಲ್ಲಬಾರದು.

ಮದ್ದುಮಾತು
ಔಷಧದ ಕಡೆಯೂ ನೋಡೋಣ. ಪಾದದ ಹುಣ್ಣಿಗೆಂದೇ ಎಫ್‌ಡಿಎ ಒಪ್ಪಿದ ಬೆಳವಣಿಗೆ ಅಂಶದ (ಅಂಗಾಂಶ ಬೆಳೆಸುವ ಪ್ರೋಟೀನಿನ) ಜೆಲ್ ಬೆಕಾಪ್ಲರ್ಮಿನ್ ಒಂದೇ, ಅದೂ 1997ರಲ್ಲಿ. 2008ರಲ್ಲಿ ಕ್ಯಾನ್ಸರ್ ಸಾವಿನ ಶಂಕೆಯಿಂದ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು, 2018ರಲ್ಲಿ ಅದನ್ನು ತೆಗೆದರು. ಆ ಹತ್ತು ವರ್ಷದಲ್ಲಿ ವೈದ್ಯರು ಅದರಿಂದ ದೂರ ಸರಿದಿದ್ದರು. ಬಳಸುವ ಕ್ರಮವೂ ಸುಲಭ ಅಲ್ಲ: ಫ್ರಿಜ್‌ನಲ್ಲಿಡಬೇಕು, ದಿನಕ್ಕೊಮ್ಮೆ ತೆಳುವಾಗಿ ಹಚ್ಚಿ ಒದ್ದೆ ಗಾಜ್‌ನಲ್ಲಿ 12 ಗಂಟೆ ಬಿಟ್ಟು, ತೊಳೆದು, ಉಳಿದ 12 ಗಂಟೆ ಬರೀ ಒದ್ದೆ ಗಾಜ್.

ಹೊಸ ಔಷಧ ಬರದಿರಲು ದೊಡ್ಡ ಕಾರಣ ಪರೀಕ್ಷೆಯ ಗುರಿ. ಎಫ್‌ಡಿಎ ಕೇಳೋದು ಪೂರ್ತಿ ಮುಚ್ಚಿದ ಗಾಯ. ಒಸರಬಾರದು, ಡ್ರೆಸ್ಸಿಂಗ್ ಬೇಕಾಗಬಾರದು, ಎರಡು ವಾರ ಬಿಟ್ಟು ಮತ್ತೆ ನೋಡಿದಾಗಲೂ ಮುಚ್ಚಿರಬೇಕು. ಅರ್ಧ ಕುಗ್ಗಿತು ಅಂದರೆ ಲೆಕ್ಕಕ್ಕಿಲ್ಲ. ಸಾದಾ ಆರೈಕೆಯಲ್ಲೇ 12 ವಾರಕ್ಕೆ ಸುಮಾರು ಶೇ. 24 ಗಾಯ ಮುಚ್ಚುತ್ತವೆ. ಹೋಲಿಕೆ ಗುಂಪಿಗೂ ಒಳ್ಳೆ ಕಾಸ್ಟ್ ಕಟ್ಟಿದರೆ ಈ ಸಂಖ್ಯೆ ಇನ್ನೂ ಮೇಲೇರುತ್ತದೆ, ಔಷಧದ ಗೆಲುವು ಕಾಣದೆ ಹೋಗುತ್ತದೆ.

ಬೇರೆ ದೇಶಗಳಲ್ಲಿ ಬೇರೆ ಹಾದಿ. ಕ್ಯೂಬಾದಲ್ಲಿ 2006ರಿಂದ ಗಾಯದೊಳಗೇ ಚುಚ್ಚುವ ಇಜಿಎಫ್ ಎಂಬ ಬೆಳವಣಿಗೆ ಅಂಶ, 75 ಮೈಕ್ರೊಗ್ರಾಂ, ವಾರಕ್ಕೆ ಮೂರು ಸಲ. ತೈವಾನ್‌ನಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಒಂದು ಕ್ರೀಮಿನಲ್ಲಿ ಇರೋದು ದೊಡ್ಡಪತ್ರೆ ಮತ್ತು ಒಂದೆಲಗದ ಸಾರ. 236 ರೋಗಿಗಳ ಅಧ್ಯಯನದಲ್ಲಿ 16 ವಾರಕ್ಕೆ ಗಾಯ ಮುಚ್ಚಿದ್ದು ಕ್ರೀಮ್ ಹಚ್ಚಿದವರಲ್ಲಿ ಶೇ. 60.7, ಹೋಲಿಕೆ ಗುಂಪಿನಲ್ಲಿ 35.1.

ಹೊಸಬ_ಪಾದ
ದೊಡ್ಡಪತ್ರೆ ಎಲೆ ಅರೆದು ಹಚ್ಚಿದರೆ ಆಗುತ್ತಾ ಹಾಗಾದರೆ?

ಮದ್ದುಮಾತು
ಖಂಡಿತ ಬೇಡ. ಕ್ರೀಮಿನಲ್ಲಿ ಇರೋದು ಬೇರ್ಪಡಿಸಿದ ಅಂಶ, ಅಳತೆ ಮಾಡಿದ ಪ್ರಮಾಣ. ಹಸಿ ಎಲೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಇರುತ್ತದೆ. ತೆರೆದ ಗಾಯಕ್ಕೆ, ಅದೂ ನೋವೇ ತಿಳಿಯದ ಕಾಲಿಗೆ, ಅದನ್ನು ಹಚ್ಚೋದು ಸೋಂಕನ್ನು ಕೈಯಾರೆ ಒಳಗೆ ಬಿಟ್ಟ ಹಾಗೆ.

ಡ್ರೆಸ್ಸಿಂಗ್‌ಟ್ರೇ
ಡ್ರೆಸ್ಸಿಂಗ್‌ಗಳಲ್ಲೂ ಅಷ್ಟೇ, ಬೆಳ್ಳಿ ಮತ್ತು ಜೇನು ಬಹಳ ಮಾರಾಟವಾಗುತ್ತವೆ, ಆದರೆ ಬರೀ ಗಾಯ ಮಾಗಿಸಲು ಅಂತ ಅವನ್ನು ಬಳಸಬೇಡಿ ಅನ್ನುತ್ತದೆ ಮಾರ್ಗಸೂಚಿ. ಪುರಾವೆ ಗಟ್ಟಿ ಇರೋದು ಸುಕ್ರೋಸ್ ಆಕ್ಟಾಸಲ್ಫೇಟ್ ಡ್ರೆಸ್ಸಿಂಗಿಗೆ. 2018ರ ಅಧ್ಯಯನ, 240 ರೋಗಿಗಳು, 20 ವಾರಕ್ಕೆ ಗಾಯ ಮುಚ್ಚಿದ್ದು ಶೇ. 48, ಹೋಲಿಕೆ ಗುಂಪಿನ 30ರ ಎದುರು. ನರ ಮತ್ತು ರಕ್ತ ಎರಡೂ ಕೊರತೆ ಇರುವ, ಸೋಂಕಿಲ್ಲದ ಹುಣ್ಣಿಗೆ. ರೋಗಿಯ ರಕ್ತದಿಂದಲೇ ಮಾಡುವ ಬಿಳಿಕಣದ ಪದರಕ್ಕೂ ಅದೇ ವರ್ಷ ಶೇ. 34 ಎದುರು 22 ಬಂತು. ಗಾಯಕ್ಕೆ ಆಮ್ಲಜನಕ ಕೊಡುವ ಸಾಧನಕ್ಕೆ 2020ರಲ್ಲಿ 12 ವಾರಕ್ಕೆ ಶೇ. 41.7 ಎದುರು 13.5, ಆದರೆ ರೋಗಿಗಳು 73 ಮಾತ್ರ.

ಗಾಯದಂಚು
ವಿಷಯ ಸ್ವಲ್ಪ ಆಚೆ ಹೋದರೂ ಹೇಳಬೇಕು. ಸೋಂಕಿಲ್ಲದ ಹುಣ್ಣಿಗೆ ಆಂಟಿಬಯಾಟಿಕ್ ಬೇಡ. ಗಾಯದ ಮೇಲೆ ಹತ್ತಿ ಕಡ್ಡಿ ಒರೆಸಿ ಕಳಿಸುವ ಕಲ್ಚರ್‌ನಲ್ಲಿ ಸಿಗೋದು ಮೇಲ್ಮೈ ಕಸ. ಕೆತ್ತಿ ತೊಳೆದು, ತಳದಿಂದ ಅಂಗಾಂಶದ ಚೂರು ತೆಗೆದು ಕಳಿಸಿ. ಕ್ರಿಮಿರಹಿತ ಲೋಹದ ಕಡ್ಡಿ ಹಾಕಿದಾಗ ಗಟ್ಟಿಯಾಗಿ ಟಕ್ ಅಂತ ಮೂಳೆ ತಾಗಿದರೆ ಎಕ್ಸ್‌ರೇ ಚೆನ್ನಾಗಿದ್ದರೂ ಮೂಳೆ ಸೋಂಕಿನ ಅನುಮಾನ ಬಿಡಬೇಡಿ, ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವಾರಗಳೇ ಬೇಕು.

ಅಂಗಾಲು_22
ಮಾಗಿದ ಮೇಲೆ ಏನು ಅನ್ನೋದನ್ನು ಮಾರುಕಟ್ಟೆ ಈಗ ನೋಡುತ್ತಿದೆ, ಇದು ನನಗೆ ಒಳ್ಳೆಯ ಬೆಳವಣಿಗೆ ಅನ್ನಿಸುತ್ತದೆ. ಮುಚ್ಚಿದ ಹುಣ್ಣು ಒಂದು ವರ್ಷದೊಳಗೆ ನೂರರಲ್ಲಿ ಸುಮಾರು 40 ಮಂದಿಗೆ ಮತ್ತೆ ಬರುತ್ತದೆ. ಉಷ್ಣ ಅಳೆಯುವ ಕಾಲುಚೀಲ, ಮೇಲೆ ನಿಲ್ಲುವ ಚಾಪೆ ಬಂದಿವೆ. ತತ್ವ ಸರಳ: ಒಳಗೆ ಅಂಗಾಂಶ ಜಜ್ಜಿದರೆ ಹುಣ್ಣಿಗೆ ಮೊದಲೇ ಬಿಸಿಯಾಗುತ್ತದೆ. ಎರಡೂ ಪಾದದ ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಎರಡು ದಿನ ಸತತ ಬಂದರೆ ಹೆಜ್ಜೆ ಕಮ್ಮಿ ಮಾಡಿ, ತೋರಿಸಿಕೊಳ್ಳಬೇಕು. ಚಾಪೆ ಇಲ್ಲದಿದ್ದರೆ ಚರ್ಮದ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೆಬ್ಬೆರಳು, ಮುಂಗಾಲಿನಲ್ಲಿ ಮೂರು ಕಡೆ, ನಡುಅಂಗಾಲಿನಲ್ಲಿ ಎರಡು ಕಡೆ, ಒಟ್ಟು ಆರು ಜಾಗ. ಬೆಳಿಗ್ಗೆ, ನಡೆಯುವ ಮುಂಚೆ.

ನಾಡಿಬಡಿತ
ಒಂದು ಕಾಲಿಗೆ ರಕ್ತ ಕಮ್ಮಿ ಇದ್ದರೆ ಆ ಕಾಲು ತಣ್ಣಗಿರುತ್ತದೆ, ಇನ್ನೊಂದು ಬಿಸಿ ಅಂತ ಸುಳ್ಳು ಎಚ್ಚರಿಕೆ ಬರುತ್ತದೆ. ಒಂದು ಪಾದ ಈಗಾಗಲೇ ತೆಗೆದವರಲ್ಲಿ ಹೋಲಿಸಲು ಜೋಡಿಯೇ ಇಲ್ಲ. ಇವರಿಬ್ಬರಿಗೆ ಈ ವಿಧಾನ ನೆಚ್ಚಿಕೊಳ್ಳಬೇಡಿ.

ವರದಿಓದುಗ
ಇಷ್ಟು ವಿವರ ಯಾವ ವರದಿಯಲ್ಲೂ ಇರಲಿಲ್ಲ, ಎಲ್ಲರಿಗೂ ಧನ್ಯವಾದ. ಹಾಗಾದರೆ ಮೊದಲ ಪಟ್ಟಿ: ಡಾಪ್ಲರ್, ಬೆರಳ ಪಟ್ಟಿ, ಮೊನೊಫಿಲಮೆಂಟ್, ಕೆತ್ತುವ ಬ್ಲೇಡು, ಕಾಸ್ಟ್ ಸಾಮಾನು, ವಾಕರ್ ಬೂಟು. ಗ್ರಾಫ್ಟ್ ದಾಸ್ತಾನು ಇಡದೆ ನಾಲ್ಕನೇ ವಾರದ ಅಳತೆ ನೋಡಿ ತರಿಸುವುದು. ವ್ಯಾಕ್ ಯಂತ್ರ ಶಸ್ತ್ರಚಿಕಿತ್ಸೆ ಇರುವ ಕಡೆಗೆ ಮಾತ್ರ. ಏನಾದರೂ ಬಿಟ್ಟೆನಾ?

ಡ್ರೆಸ್ಸಿಂಗ್‌ಟ್ರೇ
ಗ್ರಾಫ್ಟ್ ತರಿಸುವಾಗ ಕೆಲವಕ್ಕೆ ಆಳ ಶೈತ್ಯ ಬೇಕು, ಕೆಲವು ಕೋಣೆಯ ಉಷ್ಣದಲ್ಲೇ ಇರುತ್ತವೆ. ಎರಡನೆಯದನ್ನೇ ಆರಿಸಿ, ಇಲ್ಲದಿದ್ದರೆ ರೋಗಿ ಬರದ ದಿನ ತುಂಡು ಹಾಳು.

ಕಾಸ್ಟ್‌ಕಟ್ಟು
ಒಂದು ಬಿಟ್ಟಿರಿ, ಎಲ್ಲರೂ ಬಿಡುತ್ತಾರೆ. ಕಾಸ್ಟ್ ಅಥವಾ ಬೂಟು ಕಟ್ಟಿದ ಕಾಲು ಎತ್ತರವಾಗುತ್ತದೆ. ಇನ್ನೊಂದು ಕಾಲು ಗಿಡ್ಡವಾಗಿ, ರೋಗಿ ಕುಂಟಿ, ಭಾರವೆಲ್ಲ ಆ ಒಳ್ಳೆ ಕಾಲಿನ ಮುಂಗಾಲಿಗೆ ಬೀಳುತ್ತದೆ. ಅದಕ್ಕೂ ಜೋಮು ಇರುತ್ತದಲ್ಲ. ಒಳ್ಳೆ ಕಾಲಿನ ಪಾದರಕ್ಷೆಗೆ ಅಡಿಯಿಂದ ಅಷ್ಟೇ ಎತ್ತರದ ಅಟ್ಟೆ ಹಾಕಿಸಿ. ಪ್ರತಿ ಸಲ ಕಾಸ್ಟ್ ಬದಲಿಸುವಾಗ ಮೊದಲು ಆ ಒಳ್ಳೆ ಕಾಲಿನ ಚೀಲ ಬಿಚ್ಚಿಸಿ ಅಂಗಾಲು ನೋಡಿ, ಆಮೇಲೆ ಕಾಸ್ಟ್ ಕತ್ತರಿಸುವ ಗರಗಸಕ್ಕೆ ಕೈ ಹಾಕಿ.